ಬಾಹ್ಯಾಕಾಶ ದೂರದರ್ಶಕದ ದತ್ತಾಂಶ ಎಲ್ಲರದು. ಓದುವ ವಿದ್ಯೆ ಯಾರದು?

ಮೈಸೂರಿನಲ್ಲಿ ಖಗೋಳವಿಜ್ಞಾನದ ಮಾತು ಬಂದಾಗೆಲ್ಲ ಚರ್ಚೆ ಒಂದೇ ಕಡೆ ಹೋಗಿ ನಿಲ್ಲುತ್ತದೆ: ಟೆಲಿಸ್ಕೋಪ್ ಎಲ್ಲಿಡುವುದು? ಚಾಮುಂಡಿ ಬೆಟ್ಟದ ಮೇಲಿಟ್ಟರೆ ಊರಿನ ಬೆಳಕು ಅಡ್ಡ. ಊರಾಚೆ ಇಟ್ಟರೆ ಕಾಯುವವರಿಲ್ಲ. ಮಳೆಗಾಲದಲ್ಲಿ ಮೋಡ. ದಸರಾ ದೀಪಾಲಂಕಾರದ ದಿನಗಳಲ್ಲಂತೂ ಚಂದ್ರ, ಗುರು, ಶುಕ್ರರನ್ನು ಬಿಟ್ಟರೆ ಆಕಾಶದಲ್ಲಿ ಇನ್ನೇನಿದೆ ಎಂದು ಹುಡುಕಬೇಕು. ಈ ಆಕ್ಷೇಪಗಳೆಲ್ಲ ನಿಜವೇ. ಆದರೆ ಇವತ್ತಿನ ಖಗೋಳ ಸಂಶೋಧನೆಯ ದೊಡ್ಡದೊಂದು ಪಾಲಿಗೆ ಈ ಪ್ರಶ್ನೆ ಅಷ್ಟಾಗಿ ತಾಗುವುದೇ ಇಲ್ಲ.

ವಿಶ್ವದಿಂದ ಬರುವ ಬೆಳಕಿನಲ್ಲಿ ನಮ್ಮ ವಾತಾವರಣ ನೆಲದವರೆಗೆ ಬಿಟ್ಟುಕೊಡುವುದು ಸ್ವಲ್ಪವನ್ನೇ. ಕ್ಷ-ಕಿರಣ ನೆಲ ಮುಟ್ಟುವುದಿಲ್ಲ. ಅತಿನೇರಳೆಯಲ್ಲಿ ಬಹುಪಾಲನ್ನು ಓಜೋನ್ ಪದರ ತಡೆಯುತ್ತದೆ, ಅವಗೆಂಪು ಕಿರಣಗಳಲ್ಲಿ ಬಹಳಷ್ಟನ್ನು ಗಾಳಿಯ ನೀರಾವಿಯೇ ನುಂಗಿಬಿಡುತ್ತದೆ. ಹಾಗಾಗಿ ಟೆಲಿಸ್ಕೋಪೇ ಮೇಲಕ್ಕೆ ಹೋಯಿತು. 1990ರಲ್ಲಿ ಹಬಲ್, 1999ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರು ಹೊತ್ತ ಚಂದ್ರ, 2015ರಲ್ಲಿ ನಮ್ಮ ಆಸ್ಟ್ರೋಸ್ಯಾಟ್, 2021ರ ಡಿಸೆಂಬರ್ 25ರಂದು ಜೇಮ್ಸ್ ವೆಬ್. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು 6.5 ಮೀಟರ್ ಅಗಲದ ಕನ್ನಡಿಯಿಂದ ವೆಬ್ ನೋಡಿದ್ದೆಲ್ಲ, ದಿನಕ್ಕೆ ಹತ್ತಾರು ಗಿಗಾಬೈಟ್‌ಗಳ ಲೆಕ್ಕದಲ್ಲಿ ಕೆಳಗಿಳಿದು ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಮಾಸ್ಟ್ ಎಂಬ ಸಂಗ್ರಹಾಗಾರ ಸೇರುತ್ತದೆ. ಅಲ್ಲಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಶುಲ್ಕವಿಲ್ಲ, ಶಿಫಾರಸು ಪತ್ರ ಬೇಡ. ಮಂಡ್ಯದ ಪಿಜಿ ಹಾಸ್ಟೆಲ್ಲಿನಿಂದ ಇಳಿಸಿದರೂ ಪ್ರಿನ್ಸ್‌ಟನ್‌ನಿಂದ ಇಳಿಸಿದರೂ ಸಿಗುವುದು ಅದೇ ಕಡತ.

ಹಾಗಿದ್ದರೆ ನಮ್ಮ ಪದವಿ ಕಾಲೇಜುಗಳಿಂದ ಈ ಬಗೆಯ ಸಂಶೋಧನೆ ಹೊರಬರುವುದು ಇಷ್ಟು ಅಪರೂಪ ಯಾಕೆ? ದತ್ತಾಂಶದ ಬಾಗಿಲು ತೆರೆದಿದ್ದರೂ ಅದರಾಚೆ ಇನ್ನೆರಡು ಮೂರು ಬಾಗಿಲುಗಳಿವೆ, ಅವುಗಳ ಮೇಲೆ ಬೋರ್ಡು ಇಲ್ಲ ಎನ್ನುವುದು ನನ್ನ ವಾದ. ಅದಕ್ಕೆ ಮೊದಲು, ಬಾಗಿಲು ದಾಟಿದವರಿಗೆ ಏನು ಸಿಕ್ಕಿತು ನೋಡೋಣ.

2025ರ ನವೆಂಬರ್‌ನಲ್ಲಿ ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ ಸಂಶೋಧನಾ ವಿದ್ಯಾರ್ಥಿನಿ ರಾಶಿ ಜೈನ್ ಮತ್ತು ಅವರ ಮಾರ್ಗದರ್ಶಕ ಯೋಗೇಶ್ ವಾಡದೇಕರ್ ಒಂದು ಗೆಲಾಕ್ಸಿಯ ಸುದ್ದಿ ಕೊಟ್ಟರು. ಅದಕ್ಕೆ ಅವರಿಟ್ಟ ಹೆಸರು ಅಲಕನಂದಾ. ವಿಶ್ವಕ್ಕೆ ಬರೀ 150 ಕೋಟಿ ವರ್ಷ ವಯಸ್ಸಾಗಿದ್ದ ಕಾಲದ ಗೆಲಾಕ್ಸಿ ಅದು. ಈಗಿನ ವಯಸ್ಸು 1380 ಕೋಟಿ ವರ್ಷ ಎಂಬುದನ್ನು ನೆನಪಿಟ್ಟುಕೊಂಡರೆ, ಅದು ವಿಶ್ವದ ಬಾಲ್ಯ. ಆ ವಯಸ್ಸಿನ ಗೆಲಾಕ್ಸಿಗಳು ಅಡ್ಡಾದಿಡ್ಡಿ ಆಕಾರದಲ್ಲಿ, ಕುದಿಯುತ್ತ, ಉಂಡೆ ಉಂಡೆಯಾಗಿ ಇರಬೇಕೆಂಬುದು ಬಹುಕಾಲದ ನಿರೀಕ್ಷೆ. ಇದು ಹಾಗಿರಲಿಲ್ಲ. ನಡುವೆ ಉಬ್ಬು, ಎರಡೂ ಬದಿಯಿಂದ ಹೊರಟು ಒಪ್ಪವಾಗಿ ಸುತ್ತಿಕೊಂಡ ಎರಡು ಸುರುಳಿ ತೋಳುಗಳು, ಸುಮಾರು 30,000 ಜ್ಯೋತಿರ್ವರ್ಷದ ಅಗಲ. ನಮ್ಮ ಆಕಾಶಗಂಗೆಯ ತಂಗಿಯಂತಿತ್ತು. ವರ್ಷಕ್ಕೆ ಸುಮಾರು 60 ಸೂರ್ಯರಷ್ಟು ದ್ರವ್ಯ ಅಲ್ಲಿ ಹೊಸ ನಕ್ಷತ್ರಗಳಾಗಿ ಬದಲಾಗುತ್ತಿತ್ತು. ಇಷ್ಟು ಬೇಗ ಇಷ್ಟು ಅಚ್ಚುಕಟ್ಟು ಹೇಗೆ ಬಂತು ಎಂಬುದಕ್ಕೆ ಗೆಲಾಕ್ಸಿ ರಚನೆಯ ಸಿದ್ಧಾಂತಗಳು ಈಗ ಉತ್ತರ ಹುಡುಕಬೇಕು.

ನನಗೆ ಇಲ್ಲಿ ಗೆಲಾಕ್ಸಿಗಿಂತ ಹೆಚ್ಚು ಆಸಕ್ತಿ ಅದು ಸಿಕ್ಕ ದಾರಿಯ ಮೇಲೆ. ಇವರು ವೆಬ್ ಟೆಲಿಸ್ಕೋಪನ್ನು ಆ ಕಡೆ ತಿರುಗಿಸಿದವರಲ್ಲ. ಏಬೆಲ್ 2744 ಎಂಬ ಗೆಲಾಕ್ಸಿ ಸಮೂಹದ ಕಡೆ ಅದನ್ನು ತಿರುಗಿಸಿದ್ದು 'ಅನ್‌ಕವರ್' ಎಂಬ ಹೆಸರಿನ ಬೇರೊಂದು ಅಂತರರಾಷ್ಟ್ರೀಯ ತಂಡ. ಆ ಸಮೂಹದ ಗುರುತ್ವ ತನ್ನ ಹಿಂದಿರುವ ಗೆಲಾಕ್ಸಿಗಳ ಬೆಳಕನ್ನು ಬಾಗಿಸಿ, ಹಿಗ್ಗಿಸಿ ತೋರಿಸುತ್ತದೆ. ಚಿತ್ರಗಳು 21 ಬಣ್ಣಸೋಸುಕಗಳಲ್ಲಿ ಸಿದ್ಧವಾಗಿದ್ದವು, ಸಾರ್ವಜನಿಕವಾಗಿದ್ದವು, ಜಗತ್ತಿನ ಎಷ್ಟೋ ತಂಡಗಳು ಅವನ್ನು ನೋಡಿಯೂ ಆಗಿತ್ತು. ಪುಣೆಯವರು ಅದೇ ರಾಶಿಯಲ್ಲಿ ಬೇರೆ ಪ್ರಶ್ನೆ ಇಟ್ಟುಕೊಂಡು ಹುಡುಕಿದರು.

ಇದು ಅಪವಾದವಲ್ಲ, ಈಗ ಇದೇ ವಾಡಿಕೆ. ಹಬಲ್ ವಿಷಯದಲ್ಲಿ ಹಳೆಯ ಸಂಗ್ರಹದಿಂದ ಬರುವ ಪ್ರಬಂಧಗಳ ಸಂಖ್ಯೆ, ಹೊಸ ವೀಕ್ಷಣೆಯಿಂದ ಬರುವ ಪ್ರಬಂಧಗಳ ಸಂಖ್ಯೆಯನ್ನು ದಾಟಿ ಬಹಳ ವರ್ಷಗಳೇ ಆದವು. ಈ ಸಂಸ್ಕೃತಿಗೆ ಒಂದು ಆರಂಭ ಬಿಂದು ಹೇಳಬೇಕೆಂದರೆ 1995ರ ಡಿಸೆಂಬರ್. ಹಬಲ್ ನಡೆಸುವ ಸಂಸ್ಥೆಯ ಆಗಿನ ನಿರ್ದೇಶಕ ರಾಬರ್ಟ್ ವಿಲಿಯಮ್ಸ್, ನಿರ್ದೇಶಕರ ವಿವೇಚನೆಗೆ ಬಿಟ್ಟ ವೀಕ್ಷಣಾ ಸಮಯವನ್ನು ಆಕಾಶದ ಒಂದು ಖಾಲಿ ಮೂಲೆಗೆ ಸುರಿದರು. ಹತ್ತು ದಿನ, 342 ಛಾಯಾಚಿತ್ರ. ಏನೂ ಕಾಣದಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಎಚ್ಚರಿಸಿದವರು ಇದ್ದರು. ಸುಮಾರು 3,000 ಗೆಲಾಕ್ಸಿಗಳು ಕಂಡವು. ವಿಲಿಯಮ್ಸ್ ಅದನ್ನು ತಮ್ಮ ತಂಡಕ್ಕೆ ಇಟ್ಟುಕೊಳ್ಳದೆ ಕೆಲವೇ ವಾರಗಳಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಚಿತ್ರವನ್ನು ಎಲ್ಲರೂ ಹೊಗಳುತ್ತಾರೆ. ಬಿಟ್ಟುಕೊಟ್ಟದ್ದು ಅದಕ್ಕಿಂತ ದೊಡ್ಡದು ಎಂದು ನನಗನಿಸುತ್ತದೆ.

ಎಲ್ಲ ದತ್ತಾಂಶವೂ ಆ ಕ್ಷಣವೇ ಬಯಲಿಗೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ವೆಬ್‌ನಲ್ಲಿ ವೀಕ್ಷಣೆ ಪ್ರಸ್ತಾವ ಬರೆದು ಗೆದ್ದ ತಂಡಕ್ಕೆ ಸಾಮಾನ್ಯವಾಗಿ 12 ತಿಂಗಳ ಏಕಸ್ವಾಮ್ಯ, ಹಬಲ್‌ನಲ್ಲಿ 6 ತಿಂಗಳು. ಇದನ್ನು ತೆಗೆದುಹಾಕಿ, ಮೊದಲ ದಿನವೇ ಎಲ್ಲರಿಗೂ ಕೊಡಿ ಎಂಬ ಒತ್ತಡ 2022ರಿಂದ ಜೋರಾಗಿದೆ. ಸಾರ್ವಜನಿಕರ ತೆರಿಗೆ ಹಣ, ಸುಮಾರು 1,000 ಕೋಟಿ ಡಾಲರ್. ಫಲವೂ ಸಾರ್ವಜನಿಕವಾಗಲಿ ಎಂಬುದು ವಾದ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ವಿರೋಧಿಸಿದವರಲ್ಲಿ ಬಹಳಷ್ಟು ಜನ ಸಣ್ಣ ಸಂಸ್ಥೆಗಳವರು, ಆಗಷ್ಟೇ ಪಿಎಚ್‌ಡಿ ಮುಗಿಸಿದವರು. ಒಬ್ಬ ವಿದ್ಯಾರ್ಥಿನಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಪ್ರಸ್ತಾವ ಬರೆಯುತ್ತಾಳೆ, ದತ್ತಾಂಶ ಬಂದ ದಿನ ದೊಡ್ಡ ವಿಶ್ವವಿದ್ಯಾಲಯದ ಹದಿನೈದು ಜನರ ತಂಡ ಸಿದ್ಧ ತಂತ್ರಾಂಶ ಹಿಡಿದು ಒಂದೇ ವಾರದಲ್ಲಿ ಪ್ರಬಂಧ ಪ್ರಕಟಿಸಿಬಿಡುತ್ತದೆ. ಓಟ ಎಲ್ಲರಿಗೂ ಒಂದೇ ಗೆರೆಯಿಂದ ಶುರುವಾದರೂ ಶೂ ಇದ್ದವರೇ ಗೆಲ್ಲುವುದು. ಸಣ್ಣ ಊರಿನ ಕಣ್ಣಿಂದ ನೋಡಿದರೆ ಆ ಒಂದು ವರ್ಷದ ರಕ್ಷಣೆ ಇರುವುದೇ ಒಳ್ಳೆಯದು. ಒಂದು ವರ್ಷ ಕಾದರೆ ನಮಗೇನೂ ನಷ್ಟವಿಲ್ಲ. ಅಲಕನಂದಾ 1200 ಕೋಟಿ ವರ್ಷ ಕಾದಿದೆ.

ಪ್ರಸ್ತಾವ ಬರೆಯುವುದಕ್ಕೂ ಯಾರೂ ತಡೆಯುವುದಿಲ್ಲ. ಮೌಲ್ಯಮಾಪಕರಿಗೆ ಬರೆದವರ ಹೆಸರು, ಸಂಸ್ಥೆ ಕಾಣದಂತೆ ಮುಚ್ಚಿಡುವ ಪದ್ಧತಿಯನ್ನು ಹಬಲ್ 2018ರಲ್ಲಿ ತಂದಿತು, ವೆಬ್‌ಗೂ ಅದೇ. 'ಮೈಸೂರು ವಿಶ್ವವಿದ್ಯಾನಿಲಯ' ಎಂಬ ಶಿರೋನಾಮೆ ನೋಡಿ ಪಕ್ಕಕ್ಕಿಡುವ ಪ್ರಶ್ನೆ ಅಲ್ಲಿ ಬರುವುದಿಲ್ಲ. ಪೈಪೋಟಿ ಮಾತ್ರ ಭಯಂಕರ. ವೆಬ್‌ನ ನಾಲ್ಕನೇ ಸುತ್ತಿಗೆ 2,377 ಪ್ರಸ್ತಾವಗಳು ಬಂದವು, ಕೇಳಿದ ಸಮಯ ಲಭ್ಯವಿದ್ದದ್ದರ ಸುಮಾರು ಒಂಬತ್ತು ಪಟ್ಟು. ಮೊದಲು ಸಂಗ್ರಹದಿಂದಲೇ ಕೈ ಪಳಗಿಸಿಕೊಳ್ಳುವುದು ಜಾಣತನ.

ತೆರೆದ ದತ್ತಾಂಶದಿಂದ ಹೊಸದನ್ನು ಕಂಡುಹಿಡಿಯುವುದಷ್ಟೇ ಅಲ್ಲ, ಹೇಳಿದ್ದನ್ನು ಪರೀಕ್ಷಿಸುವುದೂ ಆಗುತ್ತದೆ. ಕೆ2-18ಬಿ ಪ್ರಕರಣ ಇದಕ್ಕೆ ಪಠ್ಯಪುಸ್ತಕದ ಉದಾಹರಣೆ. ಸಿಂಹ ರಾಶಿಯ ದಿಕ್ಕಿನಲ್ಲಿ 124 ಜ್ಯೋತಿರ್ವರ್ಷ ದೂರದ ಗ್ರಹ, ಭೂಮಿಯ 2.6 ಪಟ್ಟು ವ್ಯಾಸ, 8.6 ಪಟ್ಟು ದ್ರವ್ಯರಾಶಿ. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ, ಅದರ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಸೋದರ ಅಣುವಿನ ಕುರುಹಿದೆ ಎಂದಿತು. ಭೂಮಿಯ ಮೇಲೆ ಆ ಅನಿಲವನ್ನು ಹೆಚ್ಚಾಗಿ ಉತ್ಪಾದಿಸುವುದು ಸಮುದ್ರದ ಸೂಕ್ಷ್ಮಸಸ್ಯಗಳು. ಮಧುಸೂದನ್ ಕಲಿತದ್ದು ಬನಾರಸ್‌ನಲ್ಲಾದ್ದರಿಂದ ನಮ್ಮಲ್ಲಿ ಹೆಮ್ಮೆಯೂ ಸೇರಿಕೊಂಡಿತು. ವಾಟ್ಸಾಪ್ ಗುಂಪುಗಳಲ್ಲಿ ಸಂಜೆಯೊಳಗೆ ಅನ್ಯಗ್ರಹ ಜೀವಿಗಳು ಪತ್ತೆಯಾಗಿಬಿಟ್ಟಿದ್ದವು.

ತಂಡ ಹೇಳಿದ್ದು ಅಷ್ಟಲ್ಲ. ಅವರ ಲೆಕ್ಕದ ಖಚಿತತೆ ಮೂರು ಸಿಗ್ಮಾ, ಅಂದರೆ ಆಕಸ್ಮಿಕವಾಗಿ ಹಾಗೆ ಕಾಣುವ ಸಾಧ್ಯತೆ ಸುಮಾರು ಶೇ 0.3. ಭೌತವಿಜ್ಞಾನದಲ್ಲಿ 'ಕಂಡುಹಿಡಿದೆವು' ಎನ್ನಲು ವಾಡಿಕೆಯಾಗಿ ಕೇಳುವುದು ಐದು ಸಿಗ್ಮಾ. ಮುಂದಿನ ಕೆಲವೇ ವಾರಗಳಲ್ಲಿ ಬೇರೆ ತಂಡಗಳು ಅದೇ ವೀಕ್ಷಣೆಯನ್ನು ತಮ್ಮ ವಿಧಾನದಲ್ಲಿ ಹಿಂಡಿ ನೋಡಿದವು. ಆಕ್ಸ್‌ಫರ್ಡ್‌ನ ಜೇಕ್ ಟೇಲರ್, ಆ ರೋಹಿತವನ್ನು (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಪಡೆದ ದಾಖಲೆಯನ್ನು) ಯಾವ ಅಣುವಿನ ಗುರುತೂ ಇಲ್ಲದ ಸಪಾಟು ಗೆರೆಯೆಂದು ಓದಿದರೂ ನಡೆಯುತ್ತದೆ ಎಂದರು. ಲೂಯಿಸ್ ವೆಲ್‌ಬ್ಯಾಂಕ್ಸ್ ಮತ್ತು ಸಂಗಡಿಗರು, ಬೇರೆ ಅಣುಗಳನ್ನೂ ಪಟ್ಟಿಗೆ ಸೇರಿಸಿದರೆ ಅವೂ ಅಷ್ಟೇ ಚೆನ್ನಾಗಿ ಹೊಂದುತ್ತವೆ ಎಂದು ತೋರಿಸಿದರು. ವೆಲ್‌ಬ್ಯಾಂಕ್ಸ್ ಪಿಎಚ್‌ಡಿ ಮಾಡಿದ್ದು ಮಧುಸೂದನ್ ಬಳಿಯೇ; ಗುರುವಿನ ತೀರ್ಮಾನವನ್ನು ಶಿಷ್ಯ ಬಹಿರಂಗವಾಗಿ ಒರೆಗೆ ಹಚ್ಚುವುದು ಅಲ್ಲಿ ಸುದ್ದಿಯೇ ಅಲ್ಲ, ನಮ್ಮಲ್ಲಿ ಆಗಿದ್ದರೆ ವಿಭಾಗದ ಕಾರಿಡಾರಿನಲ್ಲಿ ಮುಖ ನೋಡುವುದು ಕಷ್ಟವಾಗುತ್ತಿತ್ತು. ಇತ್ತ ರೊಸೆಟ್ಟಾ ನೌಕೆಯ ಹಳೆಯ ಮಾಪನಗಳಲ್ಲಿ, ಜೀವದ ಸುಳಿವೇ ಇಲ್ಲದ ಧೂಮಕೇತು 67ಪಿಯಲ್ಲೂ ಡೈಮೀಥೈಲ್ ಸಲ್ಫೈಡ್ ಇರುವುದು 2024ರಲ್ಲೇ ತಿಳಿದಿತ್ತು. ಆ ಗ್ರಹದಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇವೆ ಎಂಬ 2023ರ ಫಲಿತಾಂಶಕ್ಕೆ ಹೆಚ್ಚಿನ ಒಪ್ಪಿಗೆಯಿದೆ. ಜೀವದ ಮಾತು ಮಾತ್ರ ಹಾಗೇ ತೂಗುತ್ತಿದೆ. ದತ್ತಾಂಶ ಕೇಂಬ್ರಿಜ್‌ನ ಕಪಾಟಿನಲ್ಲೇ ಇದ್ದಿದ್ದರೆ ಈ ತೂಗಾಟ ನಮಗೆ ಗೊತ್ತಾಗುತ್ತಲೂ ಇರಲಿಲ್ಲ.

ಈಗ ಆ ಬೋರ್ಡಿಲ್ಲದ ಬಾಗಿಲುಗಳಿಗೆ ಬರೋಣ.

ಸಂಗ್ರಹದಿಂದ ಇಳಿಯುವುದು ಪತ್ರಿಕೆಯಲ್ಲಿ ನೋಡುವ ಬಣ್ಣದ ಚಿತ್ರವಲ್ಲ. ಫಿಟ್ಸ್ ಎಂಬ ವಿನ್ಯಾಸದ ಕಡತ. ಒಳಗೆ ಸಂಖ್ಯೆಗಳ ಕೋಷ್ಟಕ, ತಲೆಬರಹದಲ್ಲಿ ಯಾವಾಗ, ಯಾವ ಉಪಕರಣ, ಎಷ್ಟು ಹೊತ್ತು ಎಂಬ ವಿವರ. ಸಂವೇದಕದ ಮೇಲೆ ಕಾಸ್ಮಿಕ್ ಕಿರಣ ಬಡಿದ ಕಲೆ, ಕೆಟ್ಟ ಪಿಕ್ಸೆಲ್, ಉಪಕರಣದ ಸ್ವಂತ ಗದ್ದಲ ಎಲ್ಲವೂ ಆ ಸಂಖ್ಯೆಗಳಲ್ಲಿ ಬೆರೆತಿರುತ್ತವೆ. ಅವನ್ನು ಹಂತ ಹಂತವಾಗಿ ತೊಳೆಯುವ ಉಚಿತ ತಂತ್ರಾಂಶವಿದೆ, ಪೈಥಾನ್ ಭಾಷೆಯಲ್ಲಿ. ಓಡಿಸುವುದು ಕಷ್ಟವಲ್ಲ, ಅದು ಏನು ಮಾಡಿತು ಎಂದು ಅನುಮಾನಿಸಲು ಕಲಿಯುವುದು ಕಷ್ಟ. 2022ರ ಜುಲೈನಲ್ಲಿ ವೆಬ್‌ನ ಮೊದಲ ದತ್ತಾಂಶ ಬಿಡುಗಡೆಯಾದಾಗ ಜಗತ್ತಿನ ತಂಡಗಳು ನಿದ್ದೆಗೆಟ್ಟು ಅತಿದೂರದ ಗೆಲಾಕ್ಸಿಗಳ ಪಟ್ಟಿ ಹೊರಡಿಸಿದವು. ಅದರ ಬೆನ್ನಿಗೇ ಕ್ಯಾಮೆರಾದ ಅಳತೆ ತಿದ್ದುಪಡಿ ಪ್ರಕಟವಾಗಿ ಹಲವು ದೂರಗಳು ಬದಲಾದವು. ಕೆಂಪುಪಲ್ಲಟ (ಬೆಳಕು ಕೆಂಪಿನ ಕಡೆ ಎಷ್ಟು ಸರಿದಿದೆ ಎಂಬ ಅಳತೆ, ದೂರ ಹೆಚ್ಚಿದಷ್ಟೂ ಹೆಚ್ಚು) 16ರ ಆಸುಪಾಸು, ಅಂದರೆ ಮಹಾಸ್ಫೋಟದ ನಂತರದ ಸುಮಾರು 25 ಕೋಟಿ ವರ್ಷದ್ದು ಎಂದು ಕುಣಿದಾಡಿಸಿದ ಒಂದು ಗೆಲಾಕ್ಸಿ, ರೋಹಿತ ತೆಗೆದು ನೋಡಿದಾಗ 4.9ಕ್ಕೆ ಇಳಿಯಿತು, ವಿಶ್ವಕ್ಕೆ ಆಗ 120 ಕೋಟಿ ವರ್ಷ. ಘಟಾನುಘಟಿಗಳೇ ಹೀಗೆ ಜಾರಿದ ನೆಲದ ಮೇಲೆ, ಪಕ್ಕದಲ್ಲಿ ಅನುಭವಸ್ಥರಿಲ್ಲದ ಎಂಎಸ್ಸಿ ವಿದ್ಯಾರ್ಥಿ ಒಬ್ಬನೇ ನಡೆಯುವುದು ಸುಲಭವಲ್ಲ.

ಮಂಡ್ಯ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಟ್ಟೆ ತುಂಬಿರುತ್ತದೆ, ವಿ.ಸಿ. ನಾಲೆಗೆ ನೀರೂ ಬಿಟ್ಟಿರುತ್ತಾರೆ, ಆದರೆ ಮದ್ದೂರು ಮಳವಳ್ಳಿ ಕಡೆಯ ಕೊನೇ ಭಾಗದ ಗದ್ದೆ ಒಣಗಿಯೇ ಇರುತ್ತದೆ. ಉಪನಾಲೆಯ ಹೂಳು ತೆಗೆಯದೆ ಕಟ್ಟೆಯ ಮಟ್ಟ ಓದಿ ಪ್ರಯೋಜನವಿಲ್ಲ.

ಇಲ್ಲಿ ಹೂಳು ಎಂದರೆ ಕಂಪ್ಯೂಟರ್ ಕೊರತೆಯೂ ಅಲ್ಲ, ಇಂಟರ್‌ನೆಟ್ಟೂ ಅಲ್ಲ. ಹತ್ತು ವರ್ಷದ ಹಿಂದೆ ಇದ್ದಿರಬಹುದು. ಈಗ ಹೊರಗ್ರಹ ಹುಡುಕುವ ಟೆಸ್ ದೂರದರ್ಶಕದ ಒಂದು ನಕ್ಷತ್ರದ ಬೆಳಕಿನ ದಾಖಲೆ ಕೆಲವೇ ಮೆಗಾಬೈಟ್. ಮನೆಯ ಲ್ಯಾಪ್‌ಟಾಪ್ ಸಾಕು. ಗುರುವಿನಷ್ಟು ದೊಡ್ಡ ಗ್ರಹ ಸೂರ್ಯನಂಥ ನಕ್ಷತ್ರದ ಮುಂದೆ ಹಾದರೆ ಬೆಳಕು ಶೇ 1ರಷ್ಟು ಕುಸಿಯುತ್ತದೆ. ಬಿಎಸ್ಸಿ ವಿದ್ಯಾರ್ಥಿಗೂ ಆ ತಗ್ಗು ಪರದೆಯ ಮೇಲೆ ಕಾಣುತ್ತದೆ. ಭೂಮಿಯಷ್ಟರದ್ದಾದರೆ ಶೇ 0.01ಕ್ಕಿಂತ ಕಡಿಮೆ, ಅಲ್ಲಿ ಪಾಠ ಬೇರೆಯೇ. ದೊಡ್ಡ ಲೆಕ್ಕಗಳಿಗೆ ದತ್ತಾಂಶ ಇರುವ ಕಡೆಯೇ ಬ್ರೌಸರ್ ಮೂಲಕ ಕೆಲಸ ಮಾಡುವ ಸೌಲಭ್ಯಗಳನ್ನು ನಾಸಾ, ಯುರೋಪಿನ ಸಂಸ್ಥೆಗಳು ತೆರೆದಿವೆ. ಟೆಸ್‌ಗಿಂತ ಮೊದಲು ಗ್ರಹ ಹುಡುಕಿದ ಕೆಪ್ಲರ್ ದೂರದರ್ಶಕದ ದತ್ತಾಂಶದಲ್ಲಿ ಯಂತ್ರಗಳಿಗೆ ದಕ್ಕದ ವಿಚಿತ್ರ ನಕ್ಷತ್ರವೊಂದನ್ನು, ಈಗ ಬೊಯಾಜಿಯನ್ ನಕ್ಷತ್ರ ಎನ್ನುವುದನ್ನು, ಮೊದಲು ಗುರುತಿಸಿದ್ದು ಮನೆಯಲ್ಲಿ ಕೂತ ಹವ್ಯಾಸಿಗಳು.

ನಿಜವಾದ ಹೂಳು ಜನರದು. ನಮ್ಮ ಬಹುಪಾಲು ಭೌತವಿಜ್ಞಾನ ವಿಭಾಗಗಳಲ್ಲಿ ಘನವಸ್ತು ಭೌತವಿಜ್ಞಾನ, ಸ್ಫಟಿಕಗಳು, ಪರಮಾಣು ವಿಕಿರಣ ಇವೇ ಬೇರೂರಿದ ಕ್ಷೇತ್ರಗಳು, ಅದರಲ್ಲಿ ಒಳ್ಳೆಯ ಕೆಲಸವೂ ಆಗಿದೆ. ಖಗೋಳವಿಜ್ಞಾನ ಒಂದು ಐಚ್ಛಿಕ ಪತ್ರಿಕೆ. ಪ್ರಾಜೆಕ್ಟ್ ಮಾಡಿಸುವವರು ಸಿಗದೆ ವಿದ್ಯಾರ್ಥಿ ಬೆಂಗಳೂರು, ಪುಣೆಯ ಬೇಸಿಗೆ ಶಿಬಿರಗಳಿಗೆ ಅರ್ಜಿ ಹಾಕುತ್ತಾನೆ, ಆಯ್ಕೆಯಾದರೆ ಹೋಗುತ್ತಾನೆ, ಹೋದವನು ಅಲ್ಲಿಯವನಾಗುತ್ತಾನೆ.

ಪ್ರಕಟಣೆಯ ಬಾಗಿಲು ಇನ್ನೊಂದು. ಬ್ರಿಟನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಮಾಸಿಕ ಪತ್ರಿಕೆ ಬಹುಕಾಲ ಲೇಖಕರಿಂದ ಹಣ ಕೇಳದೆ ಪ್ರಕಟಿಸುತ್ತಿತ್ತು, ಹಾಗಾಗಿ ನಮ್ಮ ದೇಶದವರಿಗೆ ಅಚ್ಚುಮೆಚ್ಚು. 2024ರ ಜನವರಿಯಿಂದ ಅದು ಪೂರ್ತಿ ಮುಕ್ತ ಓದಿಗೆ ಬದಲಾಯಿತು. ಓದುವವರಿಗೆ ಉಚಿತ, ಬರೆಯುವವರಿಗೆ ಎರಡು ಸಾವಿರ ಪೌಂಡ್‌ಗೂ ಮೇಲ್ಪಟ್ಟ ಶುಲ್ಕ. ಅಮೆರಿಕದ ಪ್ರಮುಖ ಪತ್ರಿಕೆಗಳದ್ದೂ ಇದೇ ಜಾಡು. 2025ರಿಂದ ಜಾರಿಯಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಿಂದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಓದುವ ಸೌಲಭ್ಯ ಸುಧಾರಿಸಿದೆ, ಪ್ರಕಟಿಸುವ ಖರ್ಚಿನ ತಲೆನೋವು ಮಾತ್ರ ಉಳಿದೇ ಇದೆ. ದತ್ತಾಂಶ ಬಿಟ್ಟಿ, ತಂತ್ರಾಂಶ ಬಿಟ್ಟಿ, ಕೊನೆಗೆ ಫಲಿತಾಂಶ ಹೇಳಿಕೊಳ್ಳಲು ಎರಡು ಲಕ್ಷ ರೂಪಾಯಿ! ಭಾರತೀಯ ವಿಜ್ಞಾನ ಅಕಾಡೆಮಿಯ ಖಗೋಳ ಪತ್ರಿಕೆಯಂಥ ದೇಶೀ ದಾರಿಗಳಿರುವುದರಿಂದ ಪೂರ್ತಿ ಕೈಕಟ್ಟಿಲ್ಲ.

ನಮ್ಮದೇ ದತ್ತಾಂಶದ ಮಾತು ಇಲ್ಲಿ ಬರಲೇಬೇಕು, ಯಾಕೆಂದರೆ ಅದು ಹತ್ತಿರದ್ದು. ಆಸ್ಟ್ರೋಸ್ಯಾಟ್ ಸಂಗ್ರಹವನ್ನು ಇಸ್ರೊ 2018ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಬೆಂಗಳೂರಿನ ಹೊರವಲಯದ ಬ್ಯಾಲಾಳಿನ ಕೇಂದ್ರ ಅದನ್ನು ಕಾಪಾಡುತ್ತದೆ. ಐದು ವರ್ಷ ಬಾಳಬೇಕೆಂದು ಕಟ್ಟಿದ ಉಪಗ್ರಹ 2025ರಲ್ಲಿ ಹತ್ತು ವರ್ಷ ದಾಟಿತು. ಅದರ ಅತಿನೇರಳೆ ದೂರದರ್ಶಕದ ಕನ್ನಡಿ ಬರೀ 37.5 ಸೆಂಟಿಮೀಟರ್, ಹಬಲ್‌ನದ್ದು 2.4 ಮೀಟರ್. ಆದರೂ 2020ರಲ್ಲಿ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಕನಕ್ ಸಾಹಾ ನೇತೃತ್ವದ ತಂಡ, 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯಿಂದ ಹೊರಟ ತೀವ್ರ ಅತಿನೇರಳೆ ಬೆಳಕನ್ನು ಅದರಲ್ಲಿ ಹಿಡಿಯಿತು. ಸಂವೇದಕದ ಹಿನ್ನೆಲೆ ಗದ್ದಲ ತೀರ ಕಡಿಮೆ ಇದ್ದದ್ದು ಅದಕ್ಕೆ ದೊಡ್ಡ ಕಾರಣ. ಸೂರ್ಯನನ್ನು ನೋಡುವ ಇಸ್ರೊ ನೌಕೆ ಆದಿತ್ಯ-ಎಲ್1 ತನ್ನ ಕಕ್ಷೆ ಸೇರಿದ ಮೊದಲ ವಾರ್ಷಿಕೋತ್ಸವ, 2025ರ ಜನವರಿ 6ರಂದು ಅದರ ದತ್ತಾಂಶವೂ ಬಿಡುಗಡೆಯಾಯಿತು. ವೆಬ್ ಚಿತ್ರಗಳ ಮೇಲೆ ಸಾವಿರಾರು ಜನ ಮುಗಿಬಿದ್ದಿರುವಾಗ, ಜನ ಕಡಿಮೆ ಇರುವ ಈ ಸಂಗ್ರಹಗಳಲ್ಲಿ ಹೊಸಬರಿಗೆ ಜಾಗ ಹೆಚ್ಚು.

ಈ ಎರಡೂ ಉಪಕರಣಗಳು, ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕ ಮತ್ತು ಆದಿತ್ಯದ ಕರೋನಾ ವೀಕ್ಷಕ, ಸಿದ್ಧವಾದದ್ದು ಹೊಸಕೋಟೆಯ ಬಳಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಅದೇ ಸಂಸ್ಥೆ ಮೈಸೂರು ವಿಶ್ವವಿದ್ಯಾನಿಲಯದ ಜೊತೆಗೂಡಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಕಾಸ್ಮಾಸ್ ಕೇಂದ್ರ ಕಟ್ಟಲು ಹೊರಟಿದ್ದು; 2022ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ಸುದ್ದಿಯೆಲ್ಲ ಅದರ ಎಲ್‌ಇಡಿ ಗುಮ್ಮಟದ ತಾರಾಲಯದ ಸುತ್ತಲೇ. ಅಲ್ಲಿಗೆ ಶಾಲಾ ಮಕ್ಕಳ ಬಸ್ಸುಗಳು ಬರಲಿ, ಮೃಗಾಲಯ ಅರಮನೆ ನೋಡಿದ ಮೇಲೆ ಅದನ್ನೂ ನೋಡಲಿ. ಆದರೆ ಯೋಜನೆಯ ಇನ್ನೊಂದು ಅರ್ಧ, ವಿದ್ಯಾರ್ಥಿಗಳಿಗೆ ಖಗೋಳ ದತ್ತಾಂಶ ವಿಶ್ಲೇಷಣೆಯ ತರಬೇತಿ, ನನ್ನ ಮಟ್ಟಿಗೆ ಗುಮ್ಮಟಕ್ಕಿಂತ ತೂಕದ್ದು. ಗುಮ್ಮಟಕ್ಕೆ ಒಂದು ಸಲ ಹಣ ಹಾಕಿದರೆ ಆಯಿತು. ತರಬೇತಿಗೆ ಪ್ರತಿ ವರ್ಷ ಮೇಷ್ಟ್ರುಗಳು ಬೇಕು. ನಮ್ಮ ಸರ್ಕಾರಗಳಿಗೆ ಮೊದಲನೆಯದು ಸಲೀಸು, ಎರಡನೆಯದು ಕಡತದಲ್ಲೇ ಉಳಿಯುವಂಥದ್ದು.

ಒಂಟಿಕೊಪ್ಪಲ್ ಪಂಚಾಂಗ ಹೊರಡುವ ಊರಿದು. ಟೆಲಿಸ್ಕೋಪಿನ ಹಂಗಿಲ್ಲದೆ ಗ್ರಹಣದ ಸ್ಪರ್ಶ, ಮೋಕ್ಷಗಳನ್ನು ಗಣಿತದಿಂದಲೇ ಹೇಳುವ ಅಭ್ಯಾಸ ಇಲ್ಲಿ ಹೊಸದಲ್ಲ. ಫಲಜ್ಯೋತಿಷದ ಪುಟಗಳ ಮೇಲೆ ನನಗೆ ತಕರಾರಿದೆ, ಗಣಿತದ ಪುಟಗಳ ಮೇಲಿಲ್ಲ.

ತುರ್ತು ಯಾಕೆ ಎಂದರೆ, ಬರಲಿರುವ ರಾಶಿ ಈಗಿನದಕ್ಕಿಂತ ದೊಡ್ಡದು. ನಕ್ಷತ್ರಗಳ ಸ್ಥಾನ, ಚಲನೆ ಅಳೆದ ಯುರೋಪಿನ ಗಾಯಾ ಉಪಗ್ರಹವನ್ನು 2025ರ ಮಾರ್ಚ್‌ನಲ್ಲಿ ಶಾಶ್ವತವಾಗಿ ಆರಿಸಲಾಯಿತು. ಅದರ ನಾಲ್ಕನೇ ದತ್ತಾಂಶ ಬಿಡುಗಡೆ 2026ರ ಡಿಸೆಂಬರ್‌ಗೆ ನಿಗದಿ: ಐದೂವರೆ ವರ್ಷಗಳ ಅಳತೆ, ಸುಮಾರು 200 ಕೋಟಿ ಆಕಾಶಕಾಯಗಳು, ಒಂದೊಂದರ ಬೆಳಕು ಕಾಲಕಾಲಕ್ಕೆ ಹೇಗೆ ಬದಲಾಯಿತು ಎಂಬ ದಾಖಲೆ ಸಮೇತ. ಯುರೋಪಿನದೇ ಇನ್ನೊಂದು ಬಾಹ್ಯಾಕಾಶ ದೂರದರ್ಶಕ ಯೂಕ್ಲಿಡ್‌ನ ಮೊದಲ ದೊಡ್ಡ ಬಿಡುಗಡೆಗೂ ಅದೇ ವರ್ಷವನ್ನು ಗೊತ್ತುಮಾಡಿದ್ದಾರೆ. ಗಾಯಾದಲ್ಲಿ ಯಾರಿಗೂ ಏಕಸ್ವಾಮ್ಯದ ಅವಧಿಯಿಲ್ಲ. ಬೆಳಕು ಏರಿಳಿಯುವ ನಕ್ಷತ್ರಗಳನ್ನು ವಿಂಗಡಿಸುವಂಥ ಕೆಲಸಕ್ಕೆ ಜಗತ್ತಿನಲ್ಲಿರುವ ಖಗೋಳವಿಜ್ಞಾನಿಗಳು ಸಾಲುವುದಿಲ್ಲ, ಸಣ್ಣ ಕಾಲೇಜುಗಳ ಪ್ರಾಜೆಕ್ಟ್‌ಗಳಿಗೆ ಹೇಳಿ ಮಾಡಿಸಿದಂತಿದೆ.

ಬೇಕಾಗಿರುವುದು ಕೋಟಿಗಳ ಯೋಜನೆಯಲ್ಲ. ಎಂಎಸ್ಸಿ ಪ್ರಾಜೆಕ್ಟ್‌ಗೆ ಹೊರಗಿನ ಸಂಸ್ಥೆಯ ಸಹಮಾರ್ಗದರ್ಶಕರನ್ನು ತಕರಾರಿಲ್ಲದೆ ಒಪ್ಪಿಕೊಳ್ಳಬೇಕು. ಬಿಎಸ್ಸಿ ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಒಂದಾದರೂ ಪ್ರಯೋಗ ನಿಜವಾದ ಉಪಗ್ರಹ ದತ್ತಾಂಶದ ಮೇಲೆ ಆಗಬೇಕು. ಆಸಕ್ತಿಯ ಅಧ್ಯಾಪಕರಿಗೆ ದಾರಿಯೂ ಇದೆ: ಐಯುಕಾ ದೇಶದ ವಿಶ್ವವಿದ್ಯಾಲಯ, ಕಾಲೇಜುಗಳ ಅಧ್ಯಾಪಕರನ್ನು ಮೂರು ವರ್ಷದ ಅವಧಿಗೆ ಸಂದರ್ಶಕ ಸಹವರ್ತಿಗಳಾಗಿ ಆರಿಸಿಕೊಳ್ಳುತ್ತದೆ, ಪುಣೆಗೆ ಹೋಗಿಬಂದು ಕೆಲಸ ಮಾಡುವ ಖರ್ಚು ಭರಿಸುತ್ತದೆ. ಅದಕ್ಕೆ ಅರ್ಜಿ ಹಾಕುವ ಮೇಷ್ಟ್ರಿಗೆ ಪರೀಕ್ಷಾ ಕೆಲಸ, ನ್ಯಾಕ್ ಕಡತ, ಚುನಾವಣಾ ಡ್ಯೂಟಿಗಳ ನಡುವೆ ನಾಲ್ಕು ವಾರ ರಜೆ ಮಂಜೂರು ಮಾಡುವ ಪ್ರಾಂಶುಪಾಲರು ಸಿಗಬೇಕು.